ಎಡತೋಳಿನ ಅರ್ಧ ಇಂಚು

ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಲೋರ್ನಾ ಟೇಪು ಬಿಚ್ಚಿದಳು. ಕೋಟಿನ ಬಲತೋಳು ಇಪ್ಪತ್ನಾಲ್ಕು ಇಂಚು. ಎಡತೋಳು ಇಪ್ಪತ್ನಾಲ್ಕೂವರೆ. ನಂಬಿಕೆ ಬರದೆ ಇನ್ನೊಮ್ಮೆ ಅಳೆದಳು. ಅಷ್ಟೇ ಬಂತು. ಅವಳ ಮೈಯೆಲ್ಲ ಉರಿದುಹೋಯಿತು.

ಅವಳು ಹೊಲಿಯುವ ಕೋಟುಗಳಲ್ಲೂ ಎಡತೋಳು ಅರ್ಧ ಇಂಚು ಉದ್ದ. ಕೊಂಡವರು ಯಾರೂ ಗಮನಿಸಿದ್ದಿಲ್ಲ. ಅವಳು ಮಾತ್ರ ತನ್ನ ಕೋಟಿನ ಎಡ ಕಫ್ ಒಂದು ಸುತ್ತು ಮಡಚಿಕೊಂಡೇ ಓಡಾಡುತ್ತಿದ್ದಳು. ಆದರೆ ಈಗ ಕೈಯಲ್ಲಿದ್ದ ಕೋಟು ಅವಳು ಹೊಲಿದದ್ದಲ್ಲ. ಕಾಲರಿನ ಒಳಗೆ ಅವಳ ಹೆಸರಿರಲಿಲ್ಲ. ಹಸಿರು ದಾರದಲ್ಲಿ ಹೊಲಿದ ಒಂದು ಪುಟ್ಟ ಪೈನ್ ಮರವಿತ್ತು.

ಕಾಲರು ಅದೇ. ಬೆನ್ನಿನ ನೆರಿಗೆ ಅದೇ. ಜೇಬಿನ ಮುಚ್ಚಳ ಅದೇ. ತಪ್ಪು ಕೂಡ ಅದೇ.

ಆರು ವರ್ಷದಿಂದ ಡುಲೂತ್ ಊರಿನಲ್ಲಿ ಉಣ್ಣೆಯ ಕೋಟು ಎಂದರೆ ಲೋರ್ನಾಳ ಕೋಟು. ಪೆಗ್ಗಿಯ ಅಂಗಡಿಯಲ್ಲಿ ಅವು ಕಿಟಕಿಯ ಪಕ್ಕದಲ್ಲೇ ತೂಗುತ್ತಿದ್ದವು. ಪೆಗ್ಗಿಯದು ಒಂದೇ ನಿಯಮ: ಸುತ್ತಮುತ್ತಲಿನವರು ತಾವೇ ಹೊಲಿದ ಬಟ್ಟೆ ಮಾತ್ರ, ಅದೂ ಒಂದು ಬಗೆಗೆ ಒಬ್ಬರೇ. ಚರ್ಚಿನ ನೆಲಮಾಳಿಗೆಯಲ್ಲಿ ಮಂಗಳವಾರದ ಹೊಲಿಗೆ ಪಾಠಕ್ಕೆ ಹೋಗಿ ಕಲಿತ ಲೋರ್ನಾ, ಆ ನಿಯಮವನ್ನು ನಂಬಿಯೇ ಆಸ್ಪತ್ರೆಯ ಲಾಂಡ್ರಿ ಕೆಲಸ ಬಿಟ್ಟಿದ್ದಳು. ಈ ತಿಂಗಳು ಅವಳ ಕೋಟುಗಳು ಹಿಂದಿನ ಕಂಬಿಗೆ ಹೋಗಿದ್ದವು. ಮುಂದೆ ಪೈನ್ ಮರ ತೂಗುತ್ತಿತ್ತು. ಚಳಿಗಾಲಕ್ಕೆ ಯಾರದನ್ನು ಇಟ್ಟುಕೊಳ್ಳುವುದೆಂದು ಶನಿವಾರ ಹೇಳುತ್ತೇನೆ ಎಂದಿದ್ದಳು ಪೆಗ್ಗಿ. ಇವತ್ತು ಶನಿವಾರ.

ಲೋರ್ನಾಗೆ ಈಗ ಎಲ್ಲ ನೆನಪಾಯಿತು. ಫೋಟೋ ತೆಗೆಸಬೇಕೆಂದು ಆಗಸ್ಟಿನಲ್ಲಿ ಪೆಗ್ಗಿ ಒಂದು ಕೋಟು ಒಯ್ದು ಹತ್ತು ದಿನ ಇಟ್ಟುಕೊಂಡಿದ್ದಳು. ಆಗ ಏನೂ ಅನ್ನಿಸಿರಲಿಲ್ಲ. ಲೋರ್ನಾಳ ಮಗಳ ಮದುವೆಗೆ ಹಂಡೆಗಟ್ಟಲೆ ಸೂಪು ಮಾಡಿ ಬಡಿಸಿದ ಗೆಳತಿ ಬೆನ್ನಿಗೆ ಚೂರಿ ಹಾಕುತ್ತಾಳೆಂದು ಯಾರಿಗೆ ತಾನೇ ಅನ್ನಿಸುತ್ತದೆ?

ಹಿಂದಿನ ಕಂಬಿಯಿಂದ ತನ್ನದೊಂದು ಕೋಟು ತೆಗೆದು, ಎರಡನ್ನೂ ತಂದು ಕೌಂಟರಿನ ಮೇಲೆ ಹಾಕಿದಳು. “ನೀನೇ ಅಳೆದು ನೋಡು.”

ಪೆಗ್ಗಿ ಕನ್ನಡಕ ಏರಿಸಿಕೊಂಡು ನಾಲ್ಕೂ ತೋಳು ಅಳೆದಳು. “ಎರಡರದ್ದೂ ಎಡಗೈ ಉದ್ದ.”

“ನನ್ನ ಕೋಟು ಬಿಚ್ಚಿ, ತುಂಡು ತುಂಡು ಬೇರೆ ಮಾಡಿ, ಹಾಗೇ ಕತ್ತರಿಸಿದಾರೆ. ನನ್ನ ತಪ್ಪನ್ನೂ ಬಿಟ್ಟಿಲ್ಲ ನೋಡು. ಆಗಸ್ಟಲ್ಲಿ ಅದನ್ನ ಯಾರ ಕೈಗೆ ಕೊಟ್ಟಿದ್ದೆ?”

“ಫೋಟೋದವನಿಗೆ. ಇನ್ಯಾರಿಗೂ ಇಲ್ಲ.”

“ಸುಳ್ಳು ಹೇಳೋದಾದ್ರೆ ನನ್ನ ಮುಖ ನೋಡಿ ಹೇಳು.”

ಪೆಗ್ಗಿ ಮುಖ ನೋಡಿದಳು. “ಎರಡು ತೋಳನ್ನೂ ಒಂದೇ ಅಳತೆ ಕಾಗದ ಇಟ್ಟು ಕತ್ತರಿಸ್ತಾರಲ್ವೇನೆ? ನಿನ್ನದು ಹೆಂಗೆ ಹೆಚ್ಚುಕಮ್ಮಿ ಆಯ್ತು?”

“ನನ್ನ ಪೇಪರ್ ಕಟಿಂಗಲ್ಲಿ ಎಡಕ್ಕೊಂದು, ಬಲಕ್ಕೊಂದು.”

“ಗೊತ್ತಿದ್ದೂ ಸರಿ ಮಾಡ್ಲಿಲ್ವಾ? ಆರು ವರ್ಷ?”

 ಅಳತೆಯ ಆ ಕಂದು ಕಾಗದ ಹರಿದಾಗಲೆಲ್ಲ ಲೋರ್ನಾ ಹೊಸ ಕಾಗದದ ಮೇಲೆ ಗೆರೆಗೆ ಗೆರೆ ಎಳೆದುಕೊಂಡಿದ್ದಳು. ತಿದ್ದುವ ಧೈರ್ಯ ಬಂದಿರಲಿಲ್ಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಟ್ಟೀತೆಂಬ ಅಂಜಿಕೆ.

“ಅದು ನನ್ನ ಗುರುತು,” ಎಂದಳು. “ಇವರ ಗುರುತು ಎಲ್ಲಿ? ಹೆಸರು ಹಾಕ್ಕೊಳ್ಳೋಕೂ ನಾಚಿಕೆಯೋ?”

“ಹೆಸರು ಬೇಡ ಅಂದ್ರು. ಗೊತ್ತಾಗಬೇಕಾದೋರಿಗೆ ಗೊತ್ತಾಗುತ್ತೆ ಅಂದ್ರು.”

“ಅಷ್ಟು ಕೊಬ್ಬು.”

“ನಾಲ್ಕು ಗಂಟೆಗೆ ಅವರೇ ಬರ್ತಾರೆ, ಕೇಳು. ಕದ್ದದ್ದು ಅಂತಾದ್ರೆ ಇವತ್ತೇ ಕೆಳಗಿಳಿಸ್ತೀನಿ. ಕದ್ದ ಕೋಟು ನನ್ನ ಅಂಗಡೀಲಿ ತೂಗಲ್ಲ ಲೋರ್ನಾ. ಯಾರದೇ ಆಗಿರಲಿ.”

ಪೆಗ್ಗಿ ಕಾಫಿ ತಂದಿಟ್ಟಳು. ಲೋರ್ನಾ ಮುಟ್ಟಲಿಲ್ಲ. ಇಷ್ಟು ವರ್ಷದ ಸ್ನೇಹಕ್ಕೆ ಸಿಕ್ಕಿದ್ದು ಇದೇ ಏನು? ಮತ್ತೆ ಲಾಂಡ್ರಿಗೆ ಹೋಗಿ, ಆ ಆವಿಯಲ್ಲಿ ಬೇರೆಯವರ ಹಾಸಿಗೆ ಬಟ್ಟೆ ಮಡಚುವುದೇ? ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಇನ್ನೊಬ್ಬರು ಕೂಡಿಟ್ಟದ್ದನ್ನು ಎತ್ತಿಕೊಂಡು ಹೋಗಿ ನಿಮ್ಮದೆನ್ನುತ್ತೀರಲ್ಲ, ರಾತ್ರಿ ನಿದ್ದೆ ಹೇಗೆ ಬರುತ್ತದೆ ನಿಮಗೆ? ಮೊದಲು ಅದನ್ನೇ ಕೇಳುವುದೆಂದು ನಿಶ್ಚಯಿಸಿದಳು.

ನಾಲ್ಕಕ್ಕೆ ಬಾಗಿಲಿನ ಗಂಟೆ ಕಿಣಿಗುಟ್ಟಿತು. ಲೋರ್ನಾ ಎದ್ದುನಿಂತಳು.

ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮೂರು ಹೊಸ ಕೋಟುಗಳನ್ನು ಅಪ್ಪಿಕೊಂಡು ಒಳಗೆ ಬಂದಳು. ಮೈಮೇಲೂ ಅದೇ ಕೋಟು, ಬಹಳ ಹಳೆಯದು, ಮೊಣಕೈಗೆ ತೇಪೆ ಹಾಕಿದ್ದು. ಹೊರೆಯನ್ನು ಕೌಂಟರಿನ ಮೇಲಿಟ್ಟು ಕೈ ಇಳಿಬಿಟ್ಟಳು. ಅವಳ ಎಡಭುಜ ಬಲಕ್ಕಿಂತ ಕೊಂಚ ಕೆಳಗೆ ಜಗ್ಗಿ, ಎಡಗೈಯೂ ಅಷ್ಟೇ ಕೆಳಕ್ಕೆ ಇಳಿದಿತ್ತು. ಕೋಟಿನ ತೋಳು ಮಾತ್ರ ಎರಡೂ ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿದ್ದವು.

“ಐಲಿ, ಇವಳು ಲೋರ್ನಾ,” ಎಂದಳು ಪೆಗ್ಗಿ. “ನಿಮ್ಮನ್ನ ಏನೋ ಕೇಳ್ಬೇಕಂತೆ.”



ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಬಂದು, ಲೋರ್ನಾಳ ಎಡ ಕಫಿನ ಮಡಿಕೆಯನ್ನು ಮೆಲ್ಲಗೆ ಬಿಡಿಸಿ ಬೆರಳ ಗೆಣ್ಣಿನ ತನಕ ಎಳೆದಳು.

“ಮಂಗಳವಾರದ ಪಾಠದಲ್ಲಿ ನನ್ನ ಪೇಪರ್ ಕಟಿಂಗನ್ನ ಒಂದು ವಾರಕ್ಕೆ ಅಂತ ನೀನು ಇಸ್ಕೊಂಡು ಹೋಗಿದ್ದೆ. ಅರಿಜೋನಾಕ್ಕೆ ಹೋದ ಮುದುಕಿ ಮತ್ತೆ ಬರಲ್ಲ ಅಂದ್ಕೊಂಡ್ಯಾ ಲೋರ್ನಾ?” ಎಂದಳು ಐಲಿ. “ಅದು ನನ್ನ ಮೈ ಅಳತೆಗೆ ಕತ್ತರಿಸಿದ್ದು ಕಣೇ.”