ಲೆಕ್ಕಕ್ಕೆ ಸಿಗದ ಐದಡಿ

ಹೊರಗಿನಿಂದ ಮನೆ ಮೂವತ್ತಡಿ. ಒಳಗಿನ ಕೋಣೆ, ಗೋಡೆ ಎಲ್ಲ ಸೇರಿದರೂ ಇಪ್ಪತ್ತೈದೇ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ ಮನೆ ನಕ್ಷೆ ಬರೆಯುವ ಸಾಫ್ಟ್‌ವೇರ್ ಸಿಕ್ಕಿತೆಂದು ಬೆಳಿಗ್ಗೆಯಿಂದ ಹಿಗ್ಗಿದ್ದ ಯೋಗನರಸಿಂಹ, ಪರದೆಯ ನಡುವೆ ಉಳಿದ ಬಿಳಿ ಪಟ್ಟಿಯನ್ನೇ ದಿಟ್ಟಿಸಿದ. ಟೇಪು ಹಿಡಿದು ಎರಡು ಸಲ ಅಳೆದದ್ದು ಅವನೇ.

"ಗೋದಮ್ಮನೋರೆ, ನಿಮ್ಮನೇಲಿ ಐದಡಿ ಲೆಕ್ಕಕ್ಕೇ ಸಿಗ್ತಿಲ್ಲ. ದಪ್ಪ ಗೋಡೆ ಅಂತ ತೋರಿಸ್ಲಾ?"

ರಿಪೇರಿಗೆಂದು ನಕ್ಷೆ ಬರೆಸಲು ಬಂದಿದ್ದ ಗೋದಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು. "ಅದು ನಮ್ಮಕ್ಕನ ಕೋಣೆ ಕಣಪ್ಪ. ಕೆಟ್ಟ ನಕ್ಷತ್ರದಲ್ಲಿ ಹೋದ್ಲು, ಆರು ತಿಂಗಳು ಬಾಗಿಲು ಮುಚ್ಚಿ ಅಂದ್ರು. ಹೆದರಿಕೊಂಡು ನಮ್ಮಪ್ಪ ಇಟ್ಟಿಗೇನೇ ಕಟ್ಟಿಸಿಬಿಟ್ರು."

ಅವರ ಬೆರಳು ಪರದೆಯ ಬಿಳಿ ಜಾಗವನ್ನು ಮೆಲ್ಲಗೆ ಸವರಿತು, ಜ್ವರ ಬಂದವರ ಹಣೆ ಸವರುವಂತೆ.

"ಗೋಡೆ ಬೇಡ. ಇದರಲ್ಲಾದ್ರೂ ಅಲ್ಲೊಂದು ಬಾಗಿಲಿಡಪ್ಪ. ನಲವತ್ತು ವರ್ಷದಿಂದ ಒಳಗಿಂದ ತಟ್ತಾನೇ ಇದ್ದಾಳೆ."