ಬಾಟಲಿಯ ತಳ

ಟ್ಯಾಂಕಿನಿಂದ ಬಾಟಲಿಗೆ ಇಳಿಸಿದ ಪೆಟ್ರೋಲನ್ನು ಖಮರುದ್ದೀನ್ ಬೆಳಕಿಗೆ ಹಿಡಿದ. ತಳದಲ್ಲಿ ಎರಡು ಬೆರಳು ನೀರು, ನೀರಿನಲ್ಲಿ ಕುಂಕುಮ.

“ಇದು ಹ್ಯಾಂಗ ಬಂತ್ರಿ?” ಎಂದ ಹುಮನಾಬಾದಿನ ಆ ಮೆಕ್ಯಾನಿಕ್.

ದೋಣಿಯ ಮಾಲೀಕ ಧನರಾಜ ಟ್ಯಾಂಕಿನ ಮುಚ್ಚಳದ ಕಡೆ ನೋಡಿದ. ಕೊಂಡು ತಂದ ಹಳೆಯ ಮೋಟಾರು ದೋಣಿಯನ್ನು ಆಚೆ ದಡಕ್ಕೆ ಸಾಗಿಸುವ ಮೊದಲು ಹೆಂಡತಿ ಪೂಜೆ ಮಾಡಿ ಟ್ಯಾಂಕಿಗೂ ತೀರ್ಥ ಹಾಕಿದ್ದಳು. ಮುಚ್ಚಳ ತೆಗೆದುಕೊಟ್ಟವನು ಅವನೇ. ಈಗ ಕಾರಂಜಾ ಡ್ಯಾಮಿನ ನಡುನೀರಿನಲ್ಲಿ ಎಂಜಿನ್ ನಿಂತಿತ್ತು. ಹುಟ್ಟು ದಡದಲ್ಲೇ ಉಳಿದಿತ್ತು. ದೋಣಿ ತೆರೆದ ಗೇಟುಗಳ ಕಡೆಗೆ ಜಾರುತ್ತಿತ್ತು. ನೀರು ಧುಮುಕುವ ಸದ್ದು ಹತ್ತಿರವಾಗುತ್ತಿತ್ತು.

“ಫಿಕರ್ ಮಾಡಬ್ಯಾಡ್ರಿ. ಟ್ಯಾಂಕ್ ಖಾಲಿ ಮಾಡಿ ಕ್ಯಾನಿನ ಪೆಟ್ರೋಲ್ ಹಾಕ್ತೀನಿ,” ಎಂದು ಖಮರುದ್ದೀನ್ ಮೂಲೆಯ ಕ್ಯಾನನ್ನು ಎಳೆದುಕೊಂಡ. ಅದರ ಕೊರಳಿಗೆ ಚೆಂಡುಹೂವಿನ ಹಾರವಿತ್ತು.

“ಅದಕ್ಕೂ ಹಾಕ್ಯಾಳ,” ಎಂದ ಧನರಾಜ.