ಇಳಿಯುವ ಬಾಗಿಲು

ಅಡಿಗೆಮನೆಯ ಹಲಗೆಗೋಡೆಯ ಮೇಲೆ ಹೆಸ್ಟರ್ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಯನ್ನು ಟೆಸ್ಸಾ ತನ್ನ ಕರವಸ್ತ್ರದಿಂದ ಒರೆಸಿದಳು. ಪಕ್ಕದಲ್ಲಿ ಒರಗಿಸಿಟ್ಟಿದ್ದ ಗರಗಸವನ್ನು ಕಂಡೂ ಕಾಣದಂತೆ ಇದ್ದಳು. ಹಳೆಯ ಕಟ್ಟಡಗಳನ್ನು ಕಾಯುವ ಕಚೇರಿಯಿಂದ ಬಂದವಳು ಅವಳು. ಮೂವತ್ತು ದಾಟಿರದ ಹುಡುಗಿ. ಆಗುವುದಿಲ್ಲ ಎಂದು ಹೇಳುವುದಕ್ಕೆ ಅವಳಿಗೂ ಕಷ್ಟವಾಗುತ್ತಿತ್ತು. ಓಕ್ ಮರದ ಈ ಗೋಡೆ ಇಲ್ಲಿ ನಿಂತು ನಾನೂರ ಎಂಬತ್ತು ವರ್ಷ. ಮನೆ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಒಂದು ಹಲಗೆ ಕೊಯ್ದರೂ ಅಪರಾಧ. ಅರ್ಜಿ ಹಾಕಬಹುದು, ಉತ್ತರ ಬರಲು ಎಂಟು ವಾರ ಬೇಕು ಎಂದಳು.

"ಡಾಕ್ಟರು ಹೇಳಿರೋದು ಮೂರು ವಾರ, ಮಗಳೇ," ಎಂದಳು ಹೆಸ್ಟರ್.

ಆಸ್ಪತ್ರೆಯಲ್ಲಿದ್ದ ಅವಳ ಗಂಡ ರೂಬೆನ್‌ಗೆ ರೋಗ ಬೆನ್ನುಮೂಳೆಗೆ ಇಳಿದಿತ್ತು. ಕೂರಿಸುವಂತಿಲ್ಲ, ಮಲಗಿಸಿಕೊಂಡೇ ತರಬೇಕು. ಗೋಡೆಯಾಚೆಯ ಒಳಕೋಣೆಯ ಬಾಗಿಲಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ, ಗೋಡೆ ಕೊಯ್ದರೆ ಮಾತ್ರ ಒಳಗೆ ಹೋದೀತು. ಅವನು ಹುಟ್ಟಿದ, ನಲವತ್ತು ವರ್ಷ ಹೆಸ್ಟರಳ ಪಕ್ಕ ಮಲಗಿದ ಕೋಣೆ ಇರುವುದು ಮಹಡಿಯಲ್ಲಿ. ಅಲ್ಲಿಗೆ ಹೋಗುವ ಸುರುಳಿ ಮೆಟ್ಟಿಲನ್ನು ಅವಳೇ ಮೈ ಓರೆ ಮಾಡಿಕೊಂಡು ಹತ್ತಬೇಕು. ಉಳಿದದ್ದು ಈ ಅಡಿಗೆಮನೆ. ಆ ಮಾತೆತ್ತಿದಾಗ ಅವನು ಆಸ್ಪತ್ರೆಯ ಹಾಸಿಗೆಯಿಂದಲೇ ಗದರಿದ್ದ: "ಹಂದಿ ಕೊಯ್ದು ನೇತುಹಾಕೋ ಜಾಗದಲ್ಲಿ ನನ್ನ ಮಲಗಿಸ್ತೀಯಾ? ಅದಕ್ಕಿಂತ ಇಲ್ಲೇ ಸಾಯ್ತೀನಿ ಬಿಡು." ಗದರಿದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಆ ಬೆನ್ನನ್ನು ನೋಡಿಕೊಂಡು ಬಂದೇ ಅವಳು ಗರಗಸ ಹುಡುಕಿದ್ದು.

ಟೆಸ್ಸಾ ತಲೆಯೆತ್ತಿ ಸೂರಿನ ತೊಲೆಗಳನ್ನು ನೋಡುತ್ತ ನಿಂತುಬಿಟ್ಟಳು. ಒಂದು ಕಡೆ ಎರಡು ತೊಲೆಗಳ ನಡುವೆ ಹಲಗೆಗಳು ಅಡ್ಡಡ್ಡ ಹೋಗಿದ್ದವು, ಆಳುದ್ದದ ಒಂದು ಚೌಕಟ್ಟಿನಲ್ಲಿ. ಮೇಲೆ ಏನಿದೆ ಎಂದು ಕೇಳಿದಳು. ಮಲಗುವ ಕೋಣೆ, ಆ ಜಾಗದಲ್ಲಿ ಬಟ್ಟೆಯ ಪೆಟ್ಟಿಗೆ ಇದೆ ಎಂದಳು ಹೆಸ್ಟರ್. ಅದು ನಿಜವೇ. ಮೂವತ್ತೊಂದು ವರ್ಷದ ಹಿಂದೆ ಆ ಪೆಟ್ಟಿಗೆಯನ್ನು ಅಲ್ಲಿಗೆ ಎಳೆದಿಟ್ಟವಳು ಅವಳೇ. ಅಂದಿನಿಂದ ಆ ಹಲಗೆಗಳ ಮೇಲೆ ಕಾಲಿಟ್ಟವಳಲ್ಲ. ಹಾಸಿಗೆಯಿಂದ ಎದ್ದು ಸುತ್ತುಹಾಕಿಕೊಂಡೇ ಕಿಟಕಿಗೆ ಹೋಗುತ್ತಿದ್ದಳು. ರೂಬೆನ್ ಅದನ್ನು ಗಮನಿಸಿದ್ದನೋ ಇಲ್ಲವೋ, ಒಮ್ಮೆಯೂ ಕೇಳಿರಲಿಲ್ಲ.

ಇಬ್ಬರೂ ಮೇಲೆ ಹೋಗಿ ಪೆಟ್ಟಿಗೆ ಸರಿಸಿದರು. ನಾಲ್ಕು ಮರದ ಗೂಟಗಳು, ನಡುವೆ ಬಿಡಿ ಹಲಗೆಗಳು. ಟೆಸ್ಸಾಳ ಮುಖ ಅರಳಿತು. ಇಂಥದ್ದರ ಬಗ್ಗೆ ಓದಿದ್ದಳು, ಕಂಡಿರಲಿಲ್ಲ.

"ಶವಪೆಟ್ಟಿಗೆ ಆ ಮೆಟ್ಟಿಲಲ್ಲಿ ತಿರುಗಲ್ಲವಲ್ಲ," ಎಂದಳು ಹೆಸ್ಟರ್. "ಈ ಮನೇಲಿ ಎಲ್ಲರೂ ಮೆಟ್ಟಿಲು ಹತ್ತಿ ಬರ್ತಾರೆ, ಇದರಲ್ಲಿ ಇಳೀತಾರೆ. ಕೊನೇಲಿ ಇಳಿದೋಳು ನಮ್ಮತ್ತೆ, ಮೂವತ್ತೊಂದು ವರ್ಷ ಆಯ್ತು."

ಟೆಸ್ಸಾ ಬರೆದುಕೊಳ್ಳುತ್ತಿದ್ದ ಪುಸ್ತಕ ಮುಚ್ಚಿದಳು. ಹೆಸ್ಟರ್ ಹಲಗೆಗಳನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೆ ಹೊಳೆದ ಮಾತು ಅವಳಿಗೇ ಹೆದರಿಕೆ ತರಿಸಿತು.

"ಇದನ್ನ ತೆಗೆಯೋಕೆ ಅಪ್ಪಣೆ ಬೇಕಾ?"

"ಬೇಡಮ್ಮ. ಬಾಗಿಲು ತೆಗೆಯೋಕೆ ಯಾರ ಅಪ್ಪಣೆ?"

ಅಪ್ಪಣೆ ಬೇಕಾಗಿದ್ದು ರೂಬೆನ್‌ನದು. ಮರುದಿನ ಅವನ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದಳು. ಬದುಕಿರುವವನನ್ನು ಹೆಣದ ದಾರಿಯಲ್ಲಿ ತರುತ್ತೇನೆ ಎಂದು ಯಾವ ಹೆಂಡತಿ ಹೇಳಿಯಾಳು?

"ಅಪ್ಪ ಇಳಿದ, ಅಮ್ಮ ಇಳಿದಳು," ಎಂದ ರೂಬೆನ್. "ಅದರಲ್ಲಿ ಹತ್ತಿದೋರು ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲ."

"ಹಾಗಾದ್ರೆ ನೋಡೇಬಿಡೋಣ, ಮುದುಕಿ."

ಗುರುವಾರ ಬೆಳಿಗ್ಗೆ ಆಂಬುಲೆನ್ಸಿನವರು ಅವನನ್ನು ಸ್ಟ್ರೆಚರ್ ಸಮೇತ ಅಡಿಗೆಮನೆಯ ಮೇಜಿನ ಮೇಲಿಳಿಸಿ, ಮುಂದಿನದು ನಮ್ಮ ಕೆಲಸವಲ್ಲ ಎಂದು ಕೈತೊಳೆದುಕೊಂಡರು. ಪಕ್ಕದ ಫಾರ್ಮಿನ ಕ್ಲೆಮ್ ಹುಲ್ಲು ಏರಿಸುವ ರಾಟೆಯನ್ನು ಮಾಡಿನ ತೊಲೆಗೆ ಕಟ್ಟಿದ್ದ. ರಜೆ ಹಾಕಿ ಬಂದಿದ್ದ ಟೆಸ್ಸಾ, ಹಗ್ಗ ಮರವನ್ನು ತೀಡದಂತೆ ಗೋಣಿತಾಟು ಸುತ್ತಿದಳು. ಕ್ಲೆಮ್‌ನ ಇಬ್ಬರು ತಮ್ಮಂದಿರು ಎಳೆದರು. ಕೆಳಗೆ ನಿಂತು ಕಾಲಿನ ಕಡೆ ಹಿಡಿಯುವುದು ಆ ಮನೆಯ ಹೆಂಗಸಿನ ಕೆಲಸ. ಅತ್ತೆಯನ್ನು ಇಳಿಸಿದಾಗಲೂ ಹೆಸ್ಟರಳೇ ಹಿಡಿದಿದ್ದಳು. ಅಂದು ಭಾರವೆಲ್ಲ ಬಂದು ಅವಳ ಕೈಗೆ ಸೇರಿತ್ತು. ಇಂದು ಅದು ಕೈ ಬಿಟ್ಟು ಮೇಲಕ್ಕೆ ಹೋಗುತ್ತಿತ್ತು. ತೊಲೆಗಳ ನಡುವೆ ಅವನು ಸ್ವಲ್ಪ ನಿಲ್ಲಿಸಿ ಎಂದ. ನಿಲ್ಲಿಸಿದರು. ಹೊಗೆ ಹಿಡಿದ ಮರಕ್ಕೆ ಕೈ ಚಾಚಿ, ಹಸುವಿನ ಮೈ ಸವರಿದ ಹಾಗೆ ಸವರಿದ. ಹೂಂ ಎಂದ. ಮತ್ತೆ ಎಳೆದರು.

ಅವಳು ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ರೂಬೆನ್ ಕಿಟಕಿಯ ಬಳಿಯ ತನ್ನ ಹಾಸಿಗೆಯಲ್ಲಿದ್ದ, ಮುಖ ಹೊಲದ ಕಡೆ. ಕ್ಲೆಮ್ ಹಲಗೆಗಳನ್ನು ಜೋಡಿಸಿ ಗೂಟಗಳನ್ನು ತೂತಿಗೆ ಇಟ್ಟು ಕೊಡತಿ ಎತ್ತಿದ್ದ.

"ಬಿಗಿಯಾಗಿ ಹೊಡೀಬೇಡ ಮಾರಾಯ," ಎಂದ ರೂಬೆನ್, ಕಿಟಕಿಯಿಂದ ಕಣ್ಣು ತೆಗೆಯದೆ. "ಈ ತಿಂಗಳಲ್ಲೇ ಮತ್ತೆ ಕೀಳಬೇಕಲ್ಲ."

ಕ್ಲೆಮ್‌ನ ಕೈ ಅಲ್ಲೇ ನಿಂತಿತು. ಹೆಸ್ಟರ್ ನೇರವಾಗಿ ಆ ಹಲಗೆಗಳ ಮೇಲೆ ನಡೆದು ಬಂದು, ಮೊಣಕಾಲೂರಿ, ಅವನ ಕೈಯಿಂದ ಕೊಡತಿ ತೆಗೆದುಕೊಂಡಳು. ಒಂದೊಂದೇ ಗೂಟವನ್ನು ಹಲಗೆಯ ಮಟ್ಟಕ್ಕೆ ಇಳಿಯುವವರೆಗೂ ಹೊಡೆದಳು. ನಾಲ್ಕನೆಯದು ಪೂರ್ತಿ ಇಳಿದ ಮೇಲೂ ಹೊಡೆಯುತ್ತಲೇ ಇದ್ದಳು.